ಬಳಸಿದ ಬಾಸ್ಕೆಟ್‌ಬಾಲ್ ಗಾಲಿಕುರ್ಚಿ: ಅಂಕಣಕ್ಕೆ ಇಳಿಸುವ ಮೊದಲು ಏನೇನು ನೋಡಬೇಕು?

ಹುಬ್ಬಳ್ಳಿ_ಅಂಕಣ

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಬ್ಬಿಗೆ ಬಾಸ್ಕೆಟ್‌ಬಾಲ್ ಆಡುವ ಗಾಲಿಕುರ್ಚಿಗಳು ಬಂದಿವೆ. ಎಲ್ಲವೂ ಹೊರದೇಶದಲ್ಲಿ ಬಳಸಿ ಬಿಟ್ಟವು. ಅಲ್ಯೂಮಿನಿಯಂ ಫ್ರೇಮ್, ಮಡಚಲು ಬರುವುದಿಲ್ಲ. ಗುಂಡಿ ಒತ್ತಿದರೆ ಹಿಂದಿನ ಚಕ್ರ ಕಳಚುತ್ತದೆ. ಹಿಂದಕ್ಕೆ ಮಗುಚದ ಹಾಗೆ ತಡೆಯುವ ಐದನೇ ಗಾಲಿ ಇದೆ. ಕೈಪಿಡಿ ಒಂದಕ್ಕೂ ಇಲ್ಲ. ಆಡುವವರಲ್ಲಿ ಹೆಚ್ಚಿನವರು ಬೆನ್ನುಹುರಿಗೆ ಪೆಟ್ಟಾದವರು, ಉಳಿದವರು ಪೋಲಿಯೊ ಆದವರು. ಅಂಕಣ ಬಯಲಲ್ಲಿದೆ, ಸಿಮೆಂಟಿನದು.

ನನ್ನ ಪ್ರಶ್ನೆಗಳು ಇವು. ತಪಾಸಣೆ ಯಾವ ಕ್ರಮದಲ್ಲಿ ಮಾಡಬೇಕು, ದಿನಾ ನೋಡಬೇಕಾದ್ದು ಯಾವುದು, ತಿಂಗಳಿಗೊಮ್ಮೆ ಸಾಕಾಗುವುದು ಯಾವುದು? ಒಂದು ಕುರ್ಚಿಯಲ್ಲಿ ಕಾಲಿಡುವ ಪಟ್ಟಿಯ ಹತ್ತಿರ, ಬೆಸುಗೆ ಪಕ್ಕದಲ್ಲೇ ಕೂದಲಿನಷ್ಟು ತೆಳುವಾದ ಗೆರೆ ಕಾಣುತ್ತಿದೆ. ಬಣ್ಣ ಬಿರಿದಿದೆಯೋ ಲೋಹವೇ ಸೀಳಿದೆಯೋ ತಿಳಿಯುತ್ತಿಲ್ಲ. ಇಲ್ಲಿನ ವೆಲ್ಡಿಂಗ್ ಶಾಪಿನವರು ಒಂದು ಟಾಕ ಹಾಕಿಕೊಡುತ್ತೇನೆ ಅನ್ನುತ್ತಾರೆ, ಹಾಕಿಸಬಹುದೇ? ಇನ್ನೊಂದರ ಮುಂದಿನ ಚಿಕ್ಕ ಗಾಲಿಗಳು ಸವೆದಿದ್ದವು ಅಂತ ಸ್ವಲ್ಪ ದೊಡ್ಡವನ್ನು ಹಾಕಿದೆವು. ಅಂದಿನಿಂದ ಕುರ್ಚಿ ತಳ್ಳಲು ಭಾರ ಆಗಿದೆ, ಟೈರ್ ಬೇಗ ಸವೆಯುತ್ತಿದೆ. ಕೊನೆಯದಾಗಿ, ಚಕ್ರದ ಮೇಲೆ 24 ಅಂತಲೇ ಇದೆ, ಆದರೆ ಸೈಕಲ್ ಶಾಪಿನ 24 ಇಂಚಿನ ಟೈರ್ ರಿಮ್ ಮೇಲೆ ಕೂರುತ್ತಲೇ ಇಲ್ಲ.

ಬಲ್ಲವರು ತಿಳಿಸಿ.

ಪಾನಾ_ಪೆಟ್ಟಿಗೆ

ಸರ್, ಮೊದಲು ಒಂದು ಕೆಲಸ ಮಾಡಿ. ಪ್ರತಿ ಕುರ್ಚಿಗೂ ಒಂದು ನಂಬರ್ ಕೊಟ್ಟು, ಅದೇ ನಂಬರನ್ನು ಅದರ ಎರಡೂ ಚಕ್ರದ ಮೇಲೆ ಪೇಂಟ್ ಮಾರ್ಕರ್‌ನಲ್ಲಿ ಬರೆಯಿರಿ, ಎಡ ಬಲ ಅಂತಲೂ ಹಾಕಿ. ಬೇರೆ ಬೇರೆ ಕಂಪನಿಯ ಕುರ್ಚಿಗಳ ಆಕ್ಸಲ್ ಉದ್ದ ಒಂದೇ ಇರಲ್ಲ. ತೊಳೆದು ಒಣಗಿಸುವಾಗ ಚಕ್ರ ಅದಲುಬದಲಾದರೆ ಮೇಲ್ನೋಟಕ್ಕೆ ಕೂತಂತೆ ಕಾಣುತ್ತೆ, ಲಾಕ್ ಮಾತ್ರ ಆಗಿರಲ್ಲ.

ಅದಕ್ಕೇ ನಾನು ಹೇಳೋದು, ತಪಾಸಣೆ ಶುರುವಾಗಬೇಕಾದ್ದು ಆಕ್ಸಲ್‌ನಿಂದ. ಚಕ್ರ ಕಳಚಿ ಆಕ್ಸಲ್ ತುದಿ ನೋಡಿ. ಅಲ್ಲಿ ಚಿಕ್ಕ ಉಕ್ಕಿನ ಗುಂಡುಗಳಿರುತ್ತವೆ, ಸಾಮಾನ್ಯವಾಗಿ ಎರಡು, ಕೆಲವದರಲ್ಲಿ ನಾಲ್ಕು. ನಡುವಿನ ಗುಂಡಿ ಒತ್ತಿದರೆ ಅವು ಒಳಗೆ ಹೋಗಬೇಕು, ಬಿಟ್ಟ ಕೂಡಲೇ ಟಕ್ ಅಂತ ಪೂರ್ತಿ ಹೊರಗೆ ಬರಬೇಕು. ನಿಧಾನಕ್ಕೆ ಬಂದರೆ ಒಳಗೆ ಧೂಳು, ಕೂದಲು, ಹಳೇ ಎಣ್ಣೆ ಕಟ್ಟಿಕೊಂಡಿದೆ ಅಂತ ಅರ್ಥ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಗುಂಡಿಯನ್ನು ಹಲವು ಸಲ ಒತ್ತಿ ಬಿಟ್ಟು ತೊಳೆಯಿರಿ, ಒಣಗಿದ ಮೇಲೆ ಟೆಫ್ಲಾನ್ ಇರುವ ಒಣ ಲೂಬ್ರಿಕೆಂಟ್ ಒಂದು ಹನಿ ಸಾಕು. ಗ್ರೀಸ್ ತುಂಬಬೇಡಿ. ಸಿಮೆಂಟ್ ಅಂಕಣದ ಧೂಳು ಗ್ರೀಸಿಗೆ ಹತ್ತಿ ಮತ್ತೆ ಅದೇ ಕಥೆ.

ಚಕ್ರ ಹಾಕಿದ ಮೇಲೆ ಗುಂಡಿ ಮುಟ್ಟದೆ ಹೊರಕ್ಕೆ ಜೋರಾಗಿ ಎಳೆಯಿರಿ. ಆಡುವ ಮುಂಚೆ ಪ್ರತಿ ಸಲ, ಪ್ರತಿ ಚಕ್ರಕ್ಕೂ. ಇದರಲ್ಲಿ ಮಾತ್ರ ವಿನಾಯಿತಿ ಬೇಡ. ಆಮೇಲೆ ಚಕ್ರದ ಮೇಲ್ಭಾಗ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಅರ್ಧ ಮಿ.ಮೀ.ಗಿಂತ ಜಾಸ್ತಿ ಆಟ (ಸಡಿಲದ ಅಲುಗಾಟ) ಇದ್ದರೆ ಎರಡು ಕಾರಣ: ಬೇರಿಂಗ್ ಹೋಗಿದೆ, ಇಲ್ಲವೇ ಆಕ್ಸಲ್ ನಟ್ ಸಡಿಲ ಆಗಿದೆ. ಅರ್ಧ ಇಂಚಿನ ಆಕ್ಸಲ್ ಆದರೆ ಗುಂಡುಗಳ ಕಡೆಯ ತುದಿಯನ್ನು 11ರ ಪಾನಾದಲ್ಲಿ ಹಿಡಿದು, ಇನ್ನೊಂದು ಕಡೆಯ ನಟ್ಟನ್ನು 19ರಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಇಲ್ಲೇ ಜನ ಎಡವೋದು. ಆಟ ಪೂರ್ತಿ ಹೋಗಲಿ ಅಂತ ನಟ್ ಬಿಗಿ ಮಾಡುತ್ತಾ ಹೋದರೆ ಆಕ್ಸಲ್ ಗಿಡ್ಡವಾಗಿ, ಗುಂಡುಗಳು ಆಕ್ಸಲ್ ಕೂರುವ ಕೊಳವೆಯ ಆಚೆ ಬರೋಕೆ ಜಾಗ ಸಾಲಲ್ಲ. ಆಗ ಚಕ್ರ ಅಲ್ಲಾಡೋದೇ ಇಲ್ಲ, ನೋಡೋಕೆ ಬಲು ಚೆಂದ, ಆದರೆ ಮೊದಲನೇ ಡಿಕ್ಕಿಗೆ ಕಳಚಿ ಬರುತ್ತೆ. ನಟ್ ತಿರುಗಿಸಿದ ಪ್ರತಿ ಸಲವೂ ಎಳೆದು ನೋಡಬೇಕು. ಗುಂಡಿ ಹೊರಗೆ ಪೂರ್ತಿ ಚಿಮ್ಮಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಬೇಕು. ಒಂಚೂರು ಆಟ ಇದ್ದರೆ ಇರಲಿ.

ಮುಂದಿನ ಗಾಲಿಗಳ ವಿಷಯ. ಹೆಚ್ಚಿನ ಕ್ರೀಡಾ ಕುರ್ಚಿಗಳಲ್ಲಿ ಇನ್‌ಲೈನ್ ಸ್ಕೇಟಿಂಗ್ ಗಾಲಿಯೇ ಇರುತ್ತೆ, 72ರಿಂದ 76 ಮಿ.ಮೀ. ಬೋಲ್ಟ್ ಬಿಚ್ಚಿ, ಪಕ್ಕದಲ್ಲಿ ಸುತ್ತಿಕೊಂಡಿರುವ ಕೂದಲು ದಾರ ಎಲ್ಲಾ ಬ್ಲೇಡಲ್ಲಿ ಕೊಯ್ದು ತೆಗೆಯಿರಿ. ಎರಡು ಬೇರಿಂಗ್ ನಡುವೆ ಒಂದು ಚಿಕ್ಕ ಲೋಹದ ಕೊಳವೆ ಇರುತ್ತೆ, ಸ್ಪೇಸರ್. ಅದು ಕೈಜಾರಿ ಕಳೆದು ಹೋದರೆ ಹಾಗೇ ಜೋಡಿಸಬೇಡಿ. ಸ್ಪೇಸರ್ ಇಲ್ಲದೆ ಬೋಲ್ಟ್ ಬಿಗಿ ಮಾಡಿದರೆ ಒಳ ಉಂಗುರಗಳು ಒಂದರ ಕಡೆ ಇನ್ನೊಂದು ಒತ್ತಿಕೊಂಡು ಗಾಲಿ ಹಿಡಿದುಕೊಳ್ಳುತ್ತೆ, ಸಡಿಲ ಬಿಟ್ಟರೆ ಬೋಲ್ಟ್ ಬಿಚ್ಚಿಕೊಳ್ಳುತ್ತೆ.

ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕ್ ನಿಲ್ಲುವ ಕಂಬ ನೆಲಕ್ಕೆ 90 ಡಿಗ್ರಿ ಇರಬೇಕು. ಆಟಗಾರರು ಕೂತಿರುವಾಗ ಮೂಲೆಮಟ್ಟ ಇಟ್ಟು ನೋಡಿ. ಕಂಬದ ನಟ್ ಎಷ್ಟು ಬಿಗಿ ಇರಬೇಕು ಅನ್ನೋದಕ್ಕೆ ಸುಲಭದ ಪರೀಕ್ಷೆ ಇದೆ. ಖಾಲಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಫೋರ್ಕ್ ತನ್ನಷ್ಟಕ್ಕೆ ತಿರುಗಿ ಕೆಳಗೆ ಬೀಳಬೇಕು, ಕೈಯಲ್ಲಿ ಅಲ್ಲಾಡಿಸಿದರೆ ಮಾತ್ರ ಆಟ ಇರಬಾರದು. ವೇಗದಲ್ಲಿ ಮುಂದಿನ ಗಾಲಿ ಪಟಪಟ ಅಂತ ನಡುಗೋದು ಸಾಮಾನ್ಯವಾಗಿ ಈ ನಟ್ ಸಡಿಲ ಆದಾಗ, ಕಂಬ ಓರೆಯಾದಾಗ, ಇಲ್ಲಾ ಎರಡು ಗಾಲಿಯ ಸವೆತ ಒಂದೇ ಸಮ ಇಲ್ಲದಾಗ.

ಫ್ರೇಮ್ ತಿರುಚಿದೆಯಾ ಅಂತ ತಿಳಿಯೋಕೆ ಗ್ರಾನೈಟ್ ನೆಲದ ಮೇಲೆ ನಿಲ್ಲಿಸಿ. ಮುಂದಿನ ಎರಡೂ ಗಾಲಿ ಕೆಳಗೆ ಕಾಗದದ ಚೂರು ತೂರಿಸಿ ಎಳೆದು ನೋಡಿ. ಎರಡರಲ್ಲೂ ಕಾಗದ ಸಿಕ್ಕಿಕೊಳ್ಳಬೇಕು. ಒಂದು ಕಡೆ ಸಲೀಸಾಗಿ ಬಂದರೆ ಮೊದಲು ಹಿಂದಿನ ಎರಡು ಟೈರಿನ ಗಾಳಿ ಸಮ ಇದೆಯಾ ನೋಡಿ, ಆಮೇಲೆ ಫೋರ್ಕ್ ಬೆಂಡಾಗಿದೆಯಾ ನೋಡಿ. ಎರಡೂ ಸರಿ ಇದ್ದರೆ ಫ್ರೇಮೇ ತಿರುಚಿದೆ.

ಬೋಲ್ಟುಗಳನ್ನೆಲ್ಲಾ ಒಂದು ಸಲ ಸರಿಯಾಗಿ ಬಿಗಿ ಮಾಡಿ, ನಟ್ ಮೇಲಿಂದ ಫ್ರೇಮ್ ಮೇಲಕ್ಕೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಬಿಡಿ. ಮುಂದೆ ಕಣ್ಣು ಹಾಯಿಸಿದರೆ ಸಾಕು, ಗೆರೆ ಒಡೆದಿದ್ದರೆ ನಟ್ ತಿರುಗಿದೆ. ಕೈಪಿಡಿ ಇಲ್ಲದಾಗ ಎಂ6 (6 ಮಿ.ಮೀ.) ಉಕ್ಕಿನ ಬೋಲ್ಟ್ ನಟ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು. ಅಲ್ಯೂಮಿನಿಯಂನಲ್ಲೇ ತ್ರೆಡ್ ಇರುವ ಕಡೆ 6ಕ್ಕೆ ನಿಲ್ಲಿಸಿ, ತಿರುಪು ಸಡಿಲ ಆಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್ ಹಾಕಿ. ಒಳಗೆ ನೈಲಾನ್ ಉಂಗುರ ಇರುವ ನಟ್ ಬರೀ ಕೈಯಲ್ಲಿ ಪೂರ್ತಿ ತಿರುಗುತ್ತಿದ್ದರೆ ಅದರ ಆಯಸ್ಸು ಮುಗಿದಿದೆ, ಹೊಸದು ಹಾಕಿ.

ಬೆಸುಗೆ_ಬಲ್ಲೆ

ಗೆರೆ ಇರುವ ಕುರ್ಚಿಯನ್ನು ಇವತ್ತೇ ಪಕ್ಕಕ್ಕಿಡಿ. ಯಾರೂ ಕೂರುವುದು ಬೇಡ, ಅಭ್ಯಾಸಕ್ಕೂ ಬೇಡ.

ಅಲ್ಯೂಮಿನಿಯಂ ಬಿರುಕು ಬಿಡುವುದು ಬೆಸುಗೆಯ ನಡುವೆ ಅಲ್ಲ, ಹೆಚ್ಚಾಗಿ ಬೆಸುಗೆ ಮುಗಿದು ಕೊಳವೆ ಶುರುವಾಗುವ ಅಂಚಿನಲ್ಲಿ. ನೀವು ವರ್ಣಿಸಿದ ಜಾಗ ಅದೇ. ಬೆಸುಗೆಯ ಬಿಸಿಗೆ ಅಲ್ಲಿನ ಲೋಹ ಮೆದುವಾಗಿರುತ್ತದೆ, ಆಕಾರ ಬದಲಾಗುವುದೂ ಅಲ್ಲೇ, ಹೊಡೆತದ ಒತ್ತಡ ಬಂದು ಸೇರುವುದೂ ಅಲ್ಲೇ. ಬಾಸ್ಕೆಟ್‌ಬಾಲ್ ಕುರ್ಚಿಯಲ್ಲಿ ಮುಂದಿನ ಬಂಪರ್ ಕಾಲಿಡುವ ಕೊಳವೆಗೆ ಸೇರುವ ಜಾಗ, ಮುಂದಿನ ಗಾಲಿಯ ಗೂಡು, ಹಿಂದಿನ ಚಕ್ರಗಳನ್ನು ಓರೆಯಾಗಿ ನಿಲ್ಲಿಸುವ ಕ್ಯಾಂಬರ್ ಕೊಳವೆಯ ಹಿಡಿಕೆಗಳು, ಐದನೇ ಗಾಲಿಯ ಕಂಬದ ಬುಡ, ಬೆನ್ನಿನ ಕೊಳವೆ ಸೀಟಿಗೆ ಸೇರುವ ಜಾಗ, ಈ ಐದು ಕಡೆ ಮೊದಲು ನೋಡಿ. ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ಕೊಳವೆಯ ತಳಭಾಗವೇ ಹೆಚ್ಚು ಎಳೆತಕ್ಕೆ ಸಿಕ್ಕುವ ಕಡೆ, ನಾವು ಸಾಮಾನ್ಯವಾಗಿ ನೋಡದ ಕಡೆಯೂ ಅದೇ.

ಬಣ್ಣವೋ ಲೋಹವೋ ಎಂದು ತಿಳಿಯಲು ಹಂತ ಹಂತವಾಗಿ ಹೋಗಿ. ಜಾಗವನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಮೇಲ್ಮೈಗೆ ಒರಗಿಸಿದಂತೆ ಓರೆಯಾಗಿ ಹಿಡಿಯಿರಿ, ಬಿರುಕಾದರೆ ನೆರಳು ಬೀಳುತ್ತದೆ. ಹತ್ತಿ ಉಂಡೆ ಸವರಿ, ಎಳೆ ಸಿಕ್ಕಿಕೊಂಡರೆ ಅನುಮಾನ ಬಲವಾಗುತ್ತದೆ. ಗೆರೆಯಿಂದ ಕಪ್ಪು ಅಥವಾ ಬೂದು ಪುಡಿ ಜಿನುಗಿದ ಕಲೆ ಇದ್ದರೆ ಒಳಗೆ ಎರಡು ಮುಖ ಉಜ್ಜಿಕೊಳ್ಳುತ್ತಿವೆ ಎಂದೇ ಲೆಕ್ಕ. ಇಷ್ಟಾದರೂ ಖಚಿತವಾಗದಿದ್ದರೆ ಬಣ್ಣ ತೆಗೆದು ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿ. ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಮೂರು ಡಬ್ಬಿಯ ಸೆಟ್ ಸಿಗುತ್ತದೆ: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್. ಬಣ್ಣವನ್ನು ಪೇಂಟ್ ರಿಮೂವರ್‌ನಿಂದ ತೆಗೆಯಿರಿ. ಗ್ರೈಂಡರ್ ಅಥವಾ ತಂತಿ ಬ್ರಷ್ ಹಾಕಿದರೆ ಮೆದು ಅಲ್ಯೂಮಿನಿಯಂ ಬಿರುಕಿನ ಬಾಯಿಯ ಮೇಲೆ ಹರಡಿ ಅದನ್ನು ಮುಚ್ಚಿಬಿಡುತ್ತದೆ. ಕ್ಲೀನರ್ ಹಾಕಿ ಒಣಗಿಸಿ, ಕೆಂಪು ಸಿಂಪಡಿಸಿ 10ರಿಂದ 15 ನಿಮಿಷ ಬಿಡಿ. ಆಮೇಲೆ ಬಟ್ಟೆಯಲ್ಲಿ ಒರೆಸಿ. ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಬೇಕೇ ಹೊರತು ನೇರವಾಗಿ ಫ್ರೇಮಿಗೆ ಸಿಂಪಡಿಸಬಾರದು, ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದು ಹೋಗುತ್ತದೆ. ಬಿಳಿ ಡೆವಲಪರ್ ತೆಳುವಾಗಿ ಹೊಡೆದು ಹತ್ತು ನಿಮಿಷ ಕಾಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಮೇಲ್ಮೈಗೆ ತೆರೆದುಕೊಂಡ ಬಿರುಕು ಮಾತ್ರ ಇದರಲ್ಲಿ ಕಾಣುವುದು, ಅದು ನೆನಪಿರಲಿ.

ಇನ್ನು ಟಾಕ ಹಾಕಿಸುವ ಮಾತು. ದಯವಿಟ್ಟು ಬೇಡ. ಫ್ರೇಮಿನ ಅಲ್ಯೂಮಿನಿಯಂ ಮಿಶ್ರಲೋಹ 6061 ಆಗಿರಬಹುದು, 7005 ಆಗಿರಬಹುದು. ನೋಡಿ ಹೇಳಲು ಆಗದು. 6061ನ್ನು ಕಾರ್ಖಾನೆಯಲ್ಲಿ ಬೆಸೆದ ಮೇಲೆ ಇಡೀ ಫ್ರೇಮನ್ನು ಕಾಯಿಸಿ, ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡುತ್ತಾರೆ. ಅದರ ಮೇಲೆ ಹೊಸ ಬೆಸುಗೆ ಬಿದ್ದರೆ ಸುತ್ತಲಿನ ಲೋಹದ ಬಲ ಮೂರನೇ ಒಂದರಷ್ಟೋ ಅದಕ್ಕೂ ಹೆಚ್ಚೋ ಇಳಿದುಹೋಗುತ್ತದೆ. 7005 ತಾನಾಗಿಯೇ ಕೆಲವು ವಾರಗಳಲ್ಲಿ ಬಲ ಮರಳಿ ಪಡೆಯುತ್ತದೆ, ಆದರೆ ಅದಕ್ಕೆ ಬೇಕಾದ ಫಿಲ್ಲರ್ ಕಡ್ಡಿ 5356, ಸಾಮಾನ್ಯ ಅಂಗಡಿಯಲ್ಲಿ ಕೈಗೆ ಸಿಗುವ 4043 ಅಲ್ಲ. ಬಿರುಕಿನ ತುದಿಗೆ ತೂತು ಕೊರೆದು ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಬಹುದು. ತಗಡಿಗೆ ಅದು ಸರಿ, ಮನುಷ್ಯನ ಭಾರ ಹೊತ್ತು ಡಿಕ್ಕಿ ತಿನ್ನುವ ತೆಳು ಕೊಳವೆಗೆ ಸಲ್ಲದು.

ದಾರಿ ಇರುವುದು ಎರಡು. ಕಂಪನಿಗೆ ಫೋಟೊ ಮತ್ತು ಫ್ರೇಮ್ ಸಂಖ್ಯೆ ಕಳಿಸಿ, ಮಿಶ್ರಲೋಹ ಯಾವುದು, ರಿಪೇರಿ ಆಗುತ್ತದೆಯೇ ಎಂದು ಕೇಳಿ. ಆಗುತ್ತದೆ ಎಂದರೆ ಪೀಣ್ಯದಂಥ ಕಡೆ ಟಿಗ್ ವೆಲ್ಡಿಂಗ್ ಜೊತೆ ಹೀಟ್ ಟ್ರೀಟ್‌ಮೆಂಟ್ ಕೂಡ ಮಾಡುವವರಿಂದ ಮಾಡಿಸಿ. ಇಲ್ಲವಾದರೆ ಆ ಫ್ರೇಮನ್ನು ಎರಡಾಗಿ ಕೊಯ್ದು, ಚಕ್ರ, ಗಾಲಿ, ಬೆಲ್ಟುಗಳನ್ನು ಉಳಿದ ಕುರ್ಚಿಗಳಿಗೆ ಬಿಡಿಭಾಗವಾಗಿ ಇಟ್ಟುಕೊಳ್ಳಿ. ಕೊಯ್ಯಿರಿ ಎಂದು ಹೇಳುವುದಕ್ಕೆ ಕಾರಣವಿದೆ. ಮೂಲೆಯಲ್ಲಿಟ್ಟ ಬಿರುಕು ಫ್ರೇಮ್, ಕುರ್ಚಿ ಸಾಲದ ದಿನ ಯಾರದೋ ಕೈಯಲ್ಲಿ ಮತ್ತೆ ಅಂಕಣಕ್ಕೆ ಬರುತ್ತದೆ.

ಗಾಳಿ_ಪಂಪು

ಟೈರ್ ಪ್ರಶ್ನೆಗೆ ಉತ್ತರ. ಇಂಚಿನ ಲೆಕ್ಕ ಬಿಟ್ಟುಬಿಡಿ, ಟೈರ್ ಪಕ್ಕದಲ್ಲಿ 25-540 ಅಂತ ಒಂದು ಜೋಡಿ ಸಂಖ್ಯೆ ಇರುತ್ತೆ, ಅದನ್ನ ಓದಿ. ಮೊದಲನೇದು ಟೈರ್ ಅಗಲ, ಎರಡನೇದು ಟೈರ್ ಅಂಚು ಕೂರುವ ಜಾಗದ ವ್ಯಾಸ, ಎರಡೂ ಮಿ.ಮೀ.ನಲ್ಲಿ. ಗಾಲಿಕುರ್ಚಿಯ 24 ಅಂದರೆ 540. ಮಕ್ಕಳ ಗೇರ್ ಸೈಕಲ್‌ನ 24 ಅಂದರೆ 507. ಮೂರು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ, ಹೆಂಗೆ ಕೂರುತ್ತೆ! ಗಾಲಿಕುರ್ಚಿಯ 25 ಅಂದರೆ 559, ಇದು ಎಂಟಿಬಿ (ಮೌಂಟೇನ್) ಸೈಕಲ್‌ನ 26ರ ಅಳತೆ. ಗಾಲಿಕುರ್ಚಿಯ 26 ಅಂದರೆ 590, ಇದು 26×1-3/8 ಅಂತ ಬರೆದಿರುವ ಸೈಕಲ್ ಟೈರಿನ ಅಳತೆ. ಅಂದರೆ 25 ಮತ್ತು 26ರ ಚಕ್ರಕ್ಕೆ ನಮ್ಮೂರಲ್ಲೇ ಕೂರುವ ಟೈರ್ ಸಿಗುತ್ತೆ, 24ಕ್ಕೆ ತರಿಸಲೇಬೇಕು. ಆದರೆ ಕೂತ ಮಾತ್ರಕ್ಕೆ ಆಯಿತು ಅಂತಲ್ಲ. ಕ್ರೀಡಾ ಟೈರುಗಳಲ್ಲಿ ಗಾಳಿಯ ಒತ್ತಡ 100 ಪಿಎಸ್‌ಐ ಮೇಲೆಯೇ ಇರುತ್ತೆ, ಕೆಲವದರಲ್ಲಿ 145ರವರೆಗೂ. ಸಾದಾ ಸೈಕಲ್ ಟೈರ್ ಅದರ ಅರ್ಧಕ್ಕೇ ಸುಸ್ತು. ಟೈರ್ ಪಕ್ಕದಲ್ಲಿ ಬರೆದ ಗರಿಷ್ಠ, ರಿಮ್ ಮೇಲೆ ಬರೆದ ಗರಿಷ್ಠ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಟ್ಯೂಬಿನಲ್ಲಿ ಅಗಲ ಮುಖ್ಯ. ಒಂದು ಇಂಚಿನ ಟೈರಿಗೆ 1.95 ಇಂಚಿನ ದಪ್ಪ ಟ್ಯೂಬ್ ತುರುಕಿದರೆ ಒಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸೀಳುತ್ತೆ. ವಾಲ್ವ್ ಕೂಡ ನೋಡಿ. ತೆಳ್ಳಗೆ, ತುದಿಯಲ್ಲಿ ಚಿಕ್ಕ ತಿರುಪು ಇದ್ದರೆ ಪ್ರೆಸ್ಟಾ. ಬೈಕಿನ ಥರ ಇದ್ದರೆ ಶ್ರಾಡರ್. ಪ್ರೆಸ್ಟಾಗೆ ಹಿತ್ತಾಳೆಯ ಚಿಕ್ಕ ಅಡಾಪ್ಟರ್ ತಗೊಂಡು ಪಂಪಿಗೇ ದಾರದಲ್ಲಿ ಕಟ್ಟಿಡಿ. ಗೇಜ್ ಇರುವ, ಕಾಲಲ್ಲಿ ಮೆಟ್ಟಿ ಹೊಡೆಯುವ ಪಂಪು ಒಂದು ಕ್ಲಬ್ಬಿಗೆ ಸಾಕು. ಪಂಕ್ಚರ್ ಅಂಗಡಿ ಕಂಪ್ರೆಸರ್‌ನಲ್ಲಿ ಹೊಡೆಸಬೇಡಿ, ಈ ಟ್ಯೂಬಿನಲ್ಲಿ ಜಾಗವೇ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ದಾಟಿ ಢಂ ಅನ್ನುತ್ತೆ.

ಆಡುವ ಪ್ರತಿ ದಿನ ಗೇಜ್ ಹಾಕಿ ನೋಡಿ, ಎರಡೂ ಕಡೆ ಸಮ ಇರಬೇಕು. ಈ ಒತ್ತಡದಲ್ಲಿ ತೆಳು ಟ್ಯೂಬಿನಿಂದ ಗಾಳಿ ತಾನಾಗಿಯೇ ಇಳಿಯುತ್ತೆ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ 70ಕ್ಕೂ 110ಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಗಾಳಿ ಕಡಿಮೆ ಇದ್ದು ಚಕ್ರವೂ ಓರೆ ಇದ್ದಾಗ, ಗರ್ರನೆ ತಿರುಗಿದರೆ ಟೈರ್ ಅಂಚು ರಿಮ್‌ನಿಂದ ಜಾರಬಹುದು. ಸವೆತ ಯಾವಾಗಲೂ ಟೈರಿನ ಒಳಗಿನ ಭುಜದ (ಪಕ್ಕದ ಅಂಚಿನ) ಕಡೆ ಜಾಸ್ತಿ, ಚಕ್ರ ಓರೆ ಇರೋದರಿಂದ ನೆಲಕ್ಕೆ ತಾಗೋದು ಅದೇ ಭಾಗ. ಸಿಮೆಂಟ್ ಮೇಲಂತೂ ಇನ್ನೂ ಬೇಗ. ಒಳಗಿನ ಬಟ್ಟೆಯ ದಾರ ಕಾಣುವ ಮೊದಲೇ ಟೈರನ್ನು ಬಿಚ್ಚಿ ರಿಮ್ ಮೇಲೆ ತಿರುಗಿಸಿ ಹಾಕಿದರೆ ಇನ್ನೊಂದು ಭುಜ ಬಳಕೆಗೆ ಬರುತ್ತೆ. ದಾರ ಕಂಡಿದ್ದರೆ ಮಾತ್ರ ನೇರ ಕಸಕ್ಕೆ.

ಕಡ್ಡಿಗಳನ್ನ ಜೋಡಿ ಜೋಡಿಯಾಗಿ ಹಿಸುಕುತ್ತಾ ಒಂದು ಸುತ್ತು ಬನ್ನಿ, ಮೆತ್ತಗಿರೋದು ಕೈಗೇ ಸಿಗುತ್ತೆ. ಒಂದು ಕಡ್ಡಿ ಮುರಿದರೆ ಅದರ ಪಾಲಿನ ಭಾರ ಪಕ್ಕದವಕ್ಕೆ ಬಿದ್ದು ಅವೂ ಸರದಿ ಹಿಡಿಯುತ್ತವೆ, ಹಾಗಾಗಿ ಮುರಿದ ಕಡ್ಡಿಯಲ್ಲಿ ಆಡಿಸಬೇಡಿ. ರಿಮ್ ಬೆಂಡ್ 2 ಮಿ.ಮೀ. ದಾಟಿದ್ದರೆ ತೆಗೆಸಿ. ನಮ್ಮ ಸೈಕಲ್ ಶಾಪಿನ ಹಳಬರು ಇದನ್ನ ಚೆನ್ನಾಗಿ ಮಾಡುತ್ತಾರೆ, ಒಂದು ಸಲಕ್ಕೆ ಕಡ್ಡಿ ತುದಿಯ ನಿಪ್ಪಲ್ ಕಾಲು ಸುತ್ತು ಮಾತ್ರ ತಿರುಗಿಸಿ ಅಂತ ಹೇಳಿ. ಬಿಳಿ ಅಥವಾ ಬಣ್ಣದ, ಬಟ್ಟೆನಾರಿನ ಥರ ಕಾಣುವ ಕಡ್ಡಿಗಳಿದ್ದರೆ ಅವು ಫೈಬರಿನವು, ಸಾಮಾನ್ಯ ಕಡ್ಡಿ ಪಾನಾ ಹೊಂದಲ್ಲ, ಮುಟ್ಟಿಸಬೇಡಿ.

ಬೇರಿಂಗ್ ತರುವಾಗ ಒಂದು ಎಚ್ಚರ. ಮುಂದಿನ ಸ್ಕೇಟಿಂಗ್ ಗಾಲಿಗೆ 608, ಅಂದರೆ 8×22×7 ಮಿ.ಮೀ., ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ಇದು ಎಲ್ಲಾ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತೆ. ಹಿಂದಿನ ಚಕ್ರದ್ದೇ ತಕರಾರು. ಅರ್ಧ ಇಂಚಿನ ಆಕ್ಸಲ್‌ಗೆ ಬೇಕಾದ್ದು ಆರ್8, ಒಳಗೆ 12.7, ಹೊರಗೆ 28.575 ಮಿ.ಮೀ. ಅಂಗಡಿಯಲ್ಲಿ ಥಟ್ ಅಂತ ಸಿಗೋದು 6001, ಒಳಗೆ 12, ಹೊರಗೆ 28. ಅಂಗೈಯಲ್ಲಿ ಪಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ಎರಡೂ ಒಂದೇ. 12 ಮಿ.ಮೀ. ಆಕ್ಸಲ್ ಇರುವ ಕುರ್ಚಿಗಳೂ ಇವೆ, ಹಾಗಾಗಿ ವರ್ನಿಯರ್ ಹಿಡಿದು ಆಕ್ಸಲ್ ಅಳೆದುಕೊಂಡೇ ಅಂಗಡಿಗೆ ಹೋಗಿ. ಆರ್8 ಇರಬೇಕಾದ ಹಬ್ಬಿಗೆ (ಚಕ್ರದ ನಡುಭಾಗಕ್ಕೆ) 6001 ಹಾಕಿದರೆ ಹೊರಗೆ ಅರ್ಧ ಮಿ.ಮೀ. ಸಡಿಲ, ಹಬ್ಬಿನ ತೂತು ಅಗಲವಾಗಿ ಚಕ್ರವೇ ಹಾಳು. ಕೂರಿಸುವಾಗ ಹೊರ ಉಂಗುರದ ಮೇಲೆ ಮಾತ್ರ ಒತ್ತಬೇಕು. ಒಳ ಉಂಗುರಕ್ಕೆ ಸುತ್ತಿಗೆ ಬಿದ್ದರೆ ಗುಂಡುಗಳು ದಾರಿಯಲ್ಲಿ ಕುಳಿ ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನದಿಂದಲೇ ಕಟಕಟ ಅನ್ನುತ್ತೆ. ಶಬ್ದ ಬಂತು ಅಂತ ಡಬ್ಲ್ಯುಡಿ-40 ಹೊಡೆಯೋದೂ ಬೇಡ. ಅದು ಸೀಲ್ ಒಳಗೆ ನುಸುಳಿ ಇದ್ದ ಗ್ರೀಸನ್ನು ತೆಳು ಮಾಡಿ ಹೊರಗೆ ತರುತ್ತೆ, ನಾಲ್ಕು ದಿನ ಹಗುರ, ಆಮೇಲೆ ಒಣ.

ಫಿಸಿಯೋ_ಮೈಸೂರು

ಮೇಲಿನವರು ಲೋಹದ ಕಡೆಯದನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಮೈಗೆ ತಾಗುವ ಕಡೆಯದನ್ನು ಹೇಳುತ್ತೇನೆ, ಯಾಕೆಂದರೆ ಬೆನ್ನುಹುರಿಗೆ ಪೆಟ್ಟಾದವರಿಗೆ ಅಲ್ಲಿ ನೋವು ತಿಳಿಯುವುದಿಲ್ಲ. ಸೀಟಿನ ಬಟ್ಟೆ ಜೋತು ಬಿದ್ದು, ಕೆಳಗಿನ ಅಡ್ಡಪಟ್ಟಿಯೋ ಬೋಲ್ಟಿನ ತಲೆಯೋ ಒತ್ತುತ್ತಿದ್ದರೂ ಆಟಗಾರರಿಗೆ ಗೊತ್ತಾಗದು. ಸಂಜೆ ಮನೆಗೆ ಹೋದ ಮೇಲೆ ಚರ್ಮ ಕೆಂಪಾಗಿರುವುದು ಕಾಣುತ್ತದೆ, ಅಷ್ಟರಲ್ಲಿ ಒತ್ತುಹುಣ್ಣಿಗೆ ದಾರಿಯಾಗಿರುತ್ತದೆ. ಅದು ಮಾಯಲು ತಿಂಗಳುಗಳೇ ಬೇಕಾಗಬಹುದು.

ದಿಂಬು ಹಾಕಿ ಆಟಗಾರರನ್ನು ಕೂರಿಸಿ, ಬೆಲ್ಟ್ ಎಲ್ಲ ಬಿಗಿಸಿದ ಮೇಲೆ ನಿಮ್ಮ ಅಂಗೈ ಮೇಲ್ಮುಖ ಮಾಡಿ ದಿಂಬಿನ ಕೆಳಗೆ ತೂರಿಸಿ, ಕೂರುವ ಮೂಳೆಯ ಕೆಳಗೆ ಬನ್ನಿ. ಮೊದಲು ಅವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಮೂಳೆ ನೇರವಾಗಿ ಕೈಗೆ ಸಿಕ್ಕರೆ ದಿಂಬು ಸತ್ತಿದೆ. ಎರಡು, ಎರಡೂವರೆ ಸೆಂ.ಮೀ. ಮೆತ್ತನೆಯ ಪದರ ಉಳಿದಿರಬೇಕು. ಫೋಮ್ ದಿಂಬನ್ನು ಮುಷ್ಟಿಯಿಂದ ಒತ್ತಿ ಬಿಟ್ಟಾಗ ಕುಳಿ ಹಾಗೇ ನಿಂತರೆ ಬದಲಿಸಿ. ದಿಂಬಿನ ದಪ್ಪ ಬದಲಾದರೆ ಕೂರುವ ಎತ್ತರವೂ ಬದಲಾಗುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ, ದೇಹದ ಚಲನಶಕ್ತಿ ನೋಡಿ ಆಟಗಾರರಿಗೆ ಕೊಡುವ ವರ್ಗೀಕರಣದ ಅಂಕ 3ರವರೆಗೆ ಇರುವವರಿಗೆ 63 ಸೆಂ.ಮೀ., ಮೂರೂವರೆ ಮತ್ತು ಮೇಲಿನವರಿಗೆ 58 ಸೆಂ.ಮೀ. ಮಿತಿ ಇದೆ. ಪಂದ್ಯಕ್ಕೆ ಕಳಿಸುವುದಾದರೆ ಅಳೆದುಕೊಳ್ಳಿ.

ಬೆಲ್ಟುಗಳಲ್ಲಿ ಮೊದಲು ನೋಡಬೇಕಾದ್ದು ಫ್ರೇಮಿಗೆ ಕಟ್ಟಿದ ತುದಿಯ ಹೊಲಿಗೆ. ಪಟ್ಟಿಯ ಅಂಚು ಪಿಸಿದಿದ್ದರೆ, ಬಿಸಿಲಿಗೆ ಬಣ್ಣ ಮಾಸಿ ಒರಟಾಗಿದ್ದರೆ ಹೊಸದು ಹಾಕಿ. ವೆಲ್ಕ್ರೋ ಹಿಡಿಯುತ್ತಿಲ್ಲವೆಂದರೆ ಎಷ್ಟೋ ಸಲ ಅದರಲ್ಲಿ ನೂಲು ತುಂಬಿರುತ್ತದೆ, ಗಟ್ಟಿ ಹಲ್ಲಿನ ಬಾಚಣಿಗೆಯಿಂದ ಎಳೆದರೆ ಬರುತ್ತದೆ. ಬಾಚಿದ ಮೇಲೂ ಕೈಯಿಂದ ಎಳೆದಾಗ ಸುಲಭವಾಗಿ ಬಿಚ್ಚಿದರೆ ಅದನ್ನು ನಂಬಬೇಡಿ. ಹಲ್ಲುಪಟ್ಟಿಯ ಬಕಲ್ ಆದರೆ ಹಲ್ಲು ಮುರಿದಿಲ್ಲ ತಾನೇ, ಒಂದೇ ಕೈಯಲ್ಲಿ ಬಿಚ್ಚಲು ಆಗುತ್ತದೆ ತಾನೇ, ಆಟಗಾರರಿಂದಲೇ ಬಿಚ್ಚಿಸಿ ನೋಡಿ. ಕುರ್ಚಿ ಸಮೇತ ಪಕ್ಕಕ್ಕೆ ಬಿದ್ದಾಗ ಒಂದು ಕೈ ಕೆಳಗೆ ಸಿಕ್ಕಿರುತ್ತದೆ.

ಹ್ಯಾಂಡ್‌ರಿಮ್, ಅಂದರೆ ಕೈಯಿಂದ ಚಕ್ರ ತಳ್ಳುವ ಹೊರ ಉಂಗುರದ ಸುತ್ತ ಹತ್ತಿ ಬಟ್ಟೆ ಸವರಿಕೊಂಡು ಬನ್ನಿ. ದಾರ ಸಿಕ್ಕಿದ ಕಡೆ ಮುಳ್ಳು ಎದ್ದಿದೆ, 400ರ ಎಮರಿ ಪೇಪರ್‌ನಲ್ಲಿ ಉಜ್ಜಿ. ನಜ್ಜಿದ ಜಾಗ ಆಳವಾಗಿದ್ದರೆ ಉಜ್ಜಿದರೆ ಸಾಲದು, ವೇಗದಲ್ಲಿ ಅಂಗೈ ಕೊಯ್ಯುತ್ತದೆ. ಚಕ್ರಕ್ಕೆ ಅದನ್ನು ಹಿಡಿದಿರುವ ತಿರುಪುಗಳನ್ನೂ ನೋಡಿ. ಪಕ್ಕದ ರಕ್ಷಣೆ ಫಲಕಕ್ಕೂ ಟೈರಿಗೂ ನಡುವೆ ಜಾಗ ಇರಬೇಕು, ಆದರೆ ಬೆರಳು ಹೋಗಿ ಸಿಕ್ಕಿಕೊಳ್ಳುವಷ್ಟು ಅಲ್ಲ. ಫಲಕ ಒಳಕ್ಕೆ ಬಾಗಿ ತೊಡೆಗೆ ಒತ್ತುತ್ತಿದ್ದರೂ ಮೇಲೆ ಹೇಳಿದ ಕಾರಣಕ್ಕೇ ಅಪಾಯ.

ಹುಬ್ಬಳ್ಳಿ_ಅಂಕಣ

ಎಲ್ಲರಿಗೂ ತುಂಬಾ ಧನ್ಯವಾದ. ಗೆರೆ ಇದ್ದ ಕುರ್ಚಿಗೆ ಬೀಗ ಹಾಕಿದ್ದೇವೆ. ನಂಬರ್ ಬರೆಯುವ ಕೆಲಸವೂ ಆಯಿತು. ದೊಡ್ಡ ಗಾಲಿ ಹಾಕಿದ ಮೇಲೆ ಭಾರವಾದ ಕುರ್ಚಿಯ ವಿಷಯ ಮಾತ್ರ ಉಳಿದಿದೆ. ಬೇರಿಂಗ್ ಹೊಸವು, ಗಾಳಿ ಸರಿ ಇದೆ, ಮೊದಲು 76 ಮಿ.ಮೀ. ಗಾಲಿ ಇತ್ತು, ಈಗ 100ರದ್ದು. ಫೋರ್ಕಿನಲ್ಲಿ ಜಾಗ ಇತ್ತು ಅಂತ ಹಾಕಿದೆವು. ಎರಡೂ ಟೈರ್ ಒಂದೇ ಥರ ಸವೆಯುತ್ತಿವೆ.

ಪಾನಾ_ಪೆಟ್ಟಿಗೆ

ಸರ್, ಕಾಯಿಲೆ ಸಿಕ್ಕಿತು. ಚಕ್ರಗಳು ಮುಂದಿನ ಕಡೆ ಅಗಲ, ಹಿಂದಿನ ಕಡೆ ಕಿರಿದು ಆಗಿವೆ. ಟೋ ಔಟ್ ಅನ್ನುತ್ತಾರೆ.

ಚಕ್ರ ನೆಟ್ಟಗೆ ನಿಂತಿರುವ ದಿನಬಳಕೆಯ ಕುರ್ಚಿಯಲ್ಲಿ ಮುಂಭಾಗ ಸ್ವಲ್ಪ ಎದ್ದರೂ ಚಕ್ರದ ದಿಕ್ಕು ಬದಲಾಗಲ್ಲ. ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ ಓರೆ, ಇದ್ದಾಗ ಹಾಗಲ್ಲ. ಆಕ್ಸಲ್‌ಗಳ ಹೊರತುದಿ ಮೇಲ್ಮುಖವಾಗಿರುತ್ತೆ. ಫ್ರೇಮ್ ಹಿಂದಕ್ಕೆ ವಾಲಿದರೆ ಆ ತುದಿಗಳೂ ಹಿಂದಕ್ಕೆ ತಿರುಗುತ್ತವೆ, ಚಕ್ರದ ಮುಂಭಾಗ ಹೊರಕ್ಕೆ ತೆರೆದುಕೊಳ್ಳುತ್ತೆ. 24ರ ಚಕ್ರ, 18 ಡಿಗ್ರಿ ಕ್ಯಾಂಬರ್ ಆದರೆ ಫ್ರೇಮ್ ಒಂದು ಡಿಗ್ರಿ ವಾಲಿದ್ದಕ್ಕೆ ಮುಂದಿನ ಮತ್ತು ಹಿಂದಿನ ಅಂತರದಲ್ಲಿ 6ರಿಂದ 7 ಮಿ.ಮೀ. ವ್ಯತ್ಯಾಸ ಬರುತ್ತೆ. ನೀವು 76 ತೆಗೆದು 100 ಹಾಕಿದ್ದೀರಿ, ಮುಂಭಾಗ 12 ಮಿ.ಮೀ. ಎದ್ದಿದೆ. ಮುಂದಿನ ಗಾಲಿಗೂ ಹಿಂದಿನ ಆಕ್ಸಲ್‌ಗೂ ನಡುವೆ 40 ಸೆಂ.ಮೀ. ಅಂತ ಹಿಡಿದರೆ 1.7 ಡಿಗ್ರಿ, ಅಂದರೆ 11 ಮಿ.ಮೀ. ಆಸುಪಾಸು. ಎರಡು ಚಕ್ರವೂ ಒಂದನ್ನೊಂದು ಬಿಟ್ಟು ಹೋಗೋಕೆ ಎಳೆಯುತ್ತಿವೆ. ಟೈರ್ ಉರುಳೋದರ ಜೊತೆ ಅಡ್ಡಕ್ಕೂ ಉಜ್ಜಿಕೊಳ್ಳುತ್ತೆ, ಭಾರವೂ ಅಲ್ಲಿಂದಲೇ, ಸವೆತವೂ ಅಲ್ಲಿಂದಲೇ. ಮುಂದಿನ ಕಂಬವೂ 90 ಡಿಗ್ರಿ ಬಿಟ್ಟಿರುತ್ತೆ.

ಅಳೆಯೋದು ಹೀಗೆ. ಗಾಳಿ ಸರಿ ಮಾಡಿ, ಸಮ ನೆಲದಲ್ಲಿ ಆಟಗಾರರನ್ನು ಕೂರಿಸಿ, ಎರಡು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಿ, ಆಗ ಟೈರ್ ತನ್ನ ಜಾಗಕ್ಕೆ ಬಂದಿರುತ್ತೆ. ಹಬ್ಬಿನ ನಡುವಿನ ಎತ್ತರವನ್ನು ನೆಲದಿಂದ ಅಳೆಯಿರಿ. ಅದೇ ಎತ್ತರದಲ್ಲಿ, ಚಕ್ರಗಳ ಮುಂದಿನ ಅಂಚಿನಲ್ಲಿ ಒಂದು ರಿಮ್‌ನಿಂದ ಇನ್ನೊಂದಕ್ಕೆ ಎಷ್ಟು, ಹಿಂದಿನ ಅಂಚಿನಲ್ಲಿ ಎಷ್ಟು ಅಂತ ಟೇಪ್ ಹಿಡಿಯಿರಿ. ಎತ್ತರ ತಪ್ಪಿದರೆ ಕ್ಯಾಂಬರ್‌ನಿಂದಾಗಿ ಲೆಕ್ಕವೇ ಕೆಡುತ್ತೆ, ಹಾಗಾಗಿ ಅಷ್ಟೇ ಎತ್ತರದ ಎರಡು ಇಟ್ಟಿಗೆಯೋ ಪೆಟ್ಟಿಗೆಯೋ ಇಟ್ಟುಕೊಂಡರೆ ಒಳ್ಳೇದು. ರಿಮ್ ಬೆಂಡ್ ಇದ್ದರೂ ತಪ್ಪು ತೋರಿಸುತ್ತೆ. ಚಕ್ರ ಅರ್ಧ ಸುತ್ತು ಉರುಳಿಸಿ ಇನ್ನೊಮ್ಮೆ ಅಳೆದು ಸರಾಸರಿ ತಗೊಳ್ಳಿ. ವ್ಯತ್ಯಾಸ 2 ಮಿ.ಮೀ. ಒಳಗೆ ಬರಬೇಕು.

ಕ್ಯಾಂಬರ್ ಕೊಳವೆ ಹಿಡಿಕೆಗಳಲ್ಲಿ ಕೂತಿದ್ದರೆ ಬೋಲ್ಟುಗಳನ್ನು ಸಡಿಲಿಸಿ, ಕೊಳವೆಯನ್ನು ತಿರುಗಿಸಿ ಅಂತರ ಸಮ ಮಾಡಿ, ಎರಡೂ ಕಡೆ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡಬಹುದು. ಕೊಳವೆ ಫ್ರೇಮಿಗೇ ಬೆಸೆದಿದ್ದರೆ ಈ ದಾರಿ ಇಲ್ಲ. ಆದರೆ ನಿಮ್ಮ ಕುರ್ಚಿಗೆ ಎರಡರಲ್ಲಿ ಯಾವುದೂ ಬೇಡ, 76ರ ಗಾಲಿ ತಂದು ವಾಪಸ್ ಹಾಕಿ. ಸ್ಕೇಟಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಯಾಕೆ ಅಂದರೆ ಮುಂಭಾಗ ಎದ್ದಾಗ ಇನ್ನೂ ಎರಡು ಕೆಟ್ಟಿವೆ. ಮುಂದಿನ ಬಂಪರ್ ನೆಲದಿಂದ 11 ಸೆಂ.ಮೀ. ಇರಬೇಕು ಅನ್ನೋದು ನಿಯಮ. ಎಲ್ಲರದ್ದೂ ಒಂದೇ ಎತ್ತರ ಇದ್ದಾಗ ಕೊಳವೆಗೆ ಕೊಳವೆ ತಾಗುತ್ತೆ. ಒಬ್ಬರದು ಮೇಲೆ ಹೋದರೆ ಎದುರಿನವರ ಬಂಪರ್ ಮೇಲೆ ಹತ್ತುತ್ತೆ, ಇಲ್ಲಾ ಅವರ ಕಡ್ಡಿಗೆ ಹೊಡೆಯುತ್ತೆ. ಎರಡನೇದು ಐದನೇ ಗಾಲಿ. ಮುಂಭಾಗ ಎದ್ದಷ್ಟೂ ಅದು ನೆಲದ ಕಡೆ ಇಳಿದು ಭಾರ ಹೊರೋಕೆ ಶುರು ಮಾಡುತ್ತೆ, ಹಿಂದಿನ ಚಕ್ರಕ್ಕೆ ಹಿಡಿತ ಕಡಿಮೆ ಆಗುತ್ತೆ, ಅದರ ಕಂಬದ ಬುಡಕ್ಕೆ ಏಟು ಬೀಳುತ್ತೆ. ಬೆಸುಗೆಯವರು ಹೇಳಿದ ಐದು ಜಾಗದಲ್ಲಿ ಅದೂ ಒಂದು. ಗಾಲಿ ಬದಲಿಸಿದ ಮೇಲೆ ಆ ಬುಡವನ್ನು ಟಾರ್ಚ್ ಹಿಡಿದು ಒಮ್ಮೆ ನೋಡಿಬಿಡಿ.

ಬೆಸುಗೆ_ಬಲ್ಲೆ

ಒಂದು ಮಾತು ಸೇರಿಸುತ್ತೇನೆ. ಕ್ಯಾಂಬರ್ ಹಿಡಿಕೆಯ ಬೋಲ್ಟ್ ಬಿಚ್ಚುವುದಾದರೆ, ಅದು ಸ್ಟೇನ್‌ಲೆಸ್ ಆಗಿದ್ದು ಅಲ್ಯೂಮಿನಿಯಂನಲ್ಲಿ ಕೂತಿದ್ದರೆ ಬಲಪ್ರಯೋಗ ಬೇಡ. ಬೆವರಿನ ಉಪ್ಪು ಇಳಿದು ಎರಡು ಲೋಹಗಳ ನಡುವೆ ಬಿಳಿ ಪುಡಿ ಕಟ್ಟಿ ಹಿಡಿದಿರುತ್ತದೆ. ಕರಾವಳಿಯಲ್ಲಿ ಇದು ಇನ್ನೂ ಹೆಚ್ಚು. ಪೆನೆಟ್ರೇಟಿಂಗ್ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚಿ. ತಿರುಗಿ ಹಾಕುವಾಗ ಆ್ಯಂಟಿ ಸೀಜ್ ಪೇಸ್ಟ್ ಸವರಿ, ಆದರೆ ಪೇಸ್ಟ್ ಇದ್ದಾಗ ಜಾರುವುದರಿಂದ ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಬಿಗಿಯಾಗುತ್ತದೆ, ಸ್ವಲ್ಪ ಕಡಿಮೆ ಹಾಕಿ. ಲಾಕ್‌ಟೈಟ್ ಹಾಕಿದ ಬೋಲ್ಟಿಗೆ ಪೇಸ್ಟ್ ಬೇಡ, ಎರಡರಲ್ಲಿ ಒಂದು ಮಾತ್ರ.

ಗಾಳಿ_ಪಂಪು

76ರ ಗಾಲಿ ತರುವಾಗ ಗಡಸುತನ ಕೇಳಿ, ಗಾಲಿ ಮೇಲೆ 80ಎ, 85ಎ ಅಂತ ಬರೆದಿರುತ್ತೆ. ಸಿಮೆಂಟ್ ಅಂಕಣಕ್ಕೆ 85ರ ಸುತ್ತಮುತ್ತ ಬಾಳಿಕೆ ಬರುತ್ತೆ. ಎರಡನ್ನೂ ಒಂದೇ ದಿನ, ಒಂದೇ ಥರದ್ದು ಹಾಕಿ.